ಲಾಟೀನಿನ ಗಾಜು, ಹುಣಸೆಹಣ್ಣು ಮತ್ತು ನಮ್ಮ ಸೀಮೆಯ ನೀರು

ಒಂದು ಲೋಟ ವಿನೆಗರ್, ಎರಡು ಲೋಟ ನೀರು, ಒಂದು ಚಮಚ ಅಡುಗೆ ಸೋಡಾ. ಸ್ಪ್ರೇ ಬಾಟಲಿಗೆ ತುಂಬಿ, ಕನ್ನಡಿಗೆ ಹೊಡೆದು ಒರೆಸಿ. ಸಂಪೂರ್ಣ ನೈಸರ್ಗಿಕ, ಮನೆಯಲ್ಲೇ ಮಾಡಿದ್ದು, ನಮ್ಮ ಹಿರಿಯರ ಪದ್ಧತಿ... ಈ ಥರದ ಸಂದೇಶ ನಿಮಗೂ ವಾರಕ್ಕೊಂದಾದರೂ ಬರುತ್ತಿರಬೇಕು. ಬೇರೆಲ್ಲಾ ಇರಲಿ, ಆ ಕೊನೆಯ ಮಾತು ಮಾತ್ರ ನನ್ನ ತಲೆಗೆ ಹುಳ ಬಿಟ್ಟಿತು. ಯಾರ ಹಿರಿಯರು ಸ್ವಾಮಿ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ನಮ್ಮ ಹಿರಿಯರು ವಿನೆಗರ್ ಬಾಟಲಿ ಕಂಡಿದ್ದರೇ? ಅದಕ್ಕಿಂತ ಮೊದಲು, ಒರೆಸೋದಕ್ಕೆ ಅವರ ಮನೆಯಲ್ಲಿ ಗಾಜು ಅಂತ ಒಂದು ಇದ್ದದ್ದಾದರೂ ಯಾವಾಗಿನಿಂದ?

ನಾನು ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರು. ಇತಿಹಾಸ ನನ್ನ ವಿಷಯ ಅಲ್ಲ. ಆದರೆ ಏನಾದರೂ ಕೆಟ್ಟಾಗ ಹಿಂದೆ ಹಿಂದೆ ಹೋಗಿ ಎಲ್ಲಿಂದ ಶುರುವಾಯ್ತು ಅಂತ ಹುಡುಕೋದು ನಮ್ಮ ಕಸುಬು ತಾನೇ. ಹಾಗೆ ಹುಡುಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಗಾಜಿನ ಕಥೆಯಲ್ಲ, ನೀರಿನ ಕಥೆ. ಅದನ್ನೇ ಇಲ್ಲಿ ಬರೀತಿದೀನಿ, ಸ್ವಲ್ಪ ಸುತ್ತು ಹಾದಿಯಲ್ಲಿ.

ಮೊದಲು ಕನ್ನಡಿಯಿಂದಲೇ ಶುರು ಮಾಡೋಣ. ಬೇಲೂರಿನ ದರ್ಪಣ ಸುಂದರಿಯನ್ನು ನೋಡದವರಿಲ್ಲ. ಆ ದೇವಸ್ಥಾನ 1117ರದ್ದು. ಆಕೆ ಕೈಯಲ್ಲಿ ಹಿಡಿದಿರೋದು ಗಾಜಿನ ಕನ್ನಡಿ ಆಗಿರಲಿಕ್ಕಿಲ್ಲ. ಆ ಕಾಲದ ಕನ್ನಡಿ ಅಂದರೆ ಉಜ್ಜಿ ಉಜ್ಜಿ ಹೊಳಪು ಬರಿಸಿದ ಲೋಹದ ಬಿಲ್ಲೆ. ಕೇರಳದ ಆರನ್ಮುಳದಲ್ಲಿ ಈಗಲೂ ತಾಮ್ರ, ತವರ ಬೆರೆಸಿ ಅಂಥ ಕನ್ನಡಿ ಎರಕ ಹೊಯ್ಯುತ್ತಾರೆ. ಕನ್ನಡದಲ್ಲಿ ಕನ್ನಡಿ ಬೇರೆ, ಗಾಜು ಬೇರೆ. ತಮಿಳಿನಲ್ಲಿ ಎರಡಕ್ಕೂ ಕಣ್ಣಾಡಿ ಅಂದರೆ ನಡೆಯುತ್ತೆ. ನಮ್ಮ 'ಗಾಜು' ಸಂಸ್ಕೃತದ 'ಕಾಚ'ದಿಂದ ಬಂದದ್ದು. ಅಂದರೆ ನಮ್ಮಲ್ಲಿ ಮುಖ ನೋಡಿಕೊಳ್ಳುವ ವಸ್ತುವಿಗೂ ಗಾಜಿಗೂ ಹೆಸರಿನಲ್ಲಿ ನಂಟೇ ಇಲ್ಲ.

ಲೋಹ ಗಾಳಿಗೆ ಕಂದುತ್ತೆ. ಕಂದಿದ ಪದರ ತೆಗೆಯೋಕೆ ಹುಳಿ ಬೇಕು, ಹೊಳಪಿಗೆ ನುಣ್ಣನೆಯ ಪುಡಿ ಬೇಕು. ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೋದು ಇದೇ ಲೆಕ್ಕ. ನಮ್ಮ ಮನೆಗಳಿಗೆ ಗಾಜು ಬಂದಾಗ ಅದನ್ನು ತೊಳೆಯುವ ವಿದ್ಯೆ ಹೊಸದಾಗಿ ಬರಲಿಲ್ಲ, ಬಿಂದಿಗೆ ತಿಕ್ಕುವ ಕೈಗಳೇ ಗಾಜಿಗೂ ಹೋದವು ಅಂತ ನನ್ನ ಅನಿಸಿಕೆ. ಗಾಜು ಲೋಹ ಅಲ್ಲ, ಹಾಗಾಗಿ ಕೆಲವು ಕಡೆ ಈ ವಿದ್ಯೆ ಕೈಕೊಟ್ಟಿತು, ಕೆಲವು ಕಡೆ ಚೆನ್ನಾಗಿ ಒಗ್ಗಿತು. ಅದನ್ನು ಮುಂದೆ ಹೇಳ್ತೀನಿ.

ಹಾಗಾದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲ ಗಾಜು ಯಾವುದು? ಕಿಟಕಿ ಅಲ್ಲ, ಲೋಟ ಅಲ್ಲ, ಕನ್ನಡಿಯೂ ಅಲ್ಲ. ಬಳೆ! ಪಾವಗಡದ ಕಡೆ ಹೋದರೆ ಅರ್ಧ ಊರು ತೆಲುಗು ಮಾತಾಡುತ್ತೆ. ತೆಲುಗಿನಲ್ಲಿ ಬಳೆಗಳಿಗೆ ಏನಂತಾರೆ ಹೇಳಿ... 'ಗಾಜುಲು'. ಗಾಜು ಅಂದರೇನೇ ಬಳೆ ಅನ್ನುವಷ್ಟು ಗಟ್ಟಿಯಾಗಿ ಆ ನೆನಪು ಭಾಷೆಯಲ್ಲಿ ಕೂತುಬಿಟ್ಟಿದೆ.

ಆ ಬಳೆಗಳು ತುಂಬಾ ದೂರದಿಂದಲೂ ಬರಬೇಕಾಗಿರಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಕಂಪನಿ ಸರ್ಕಾರ ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿಕೊಂಡು ಬಾ ಅಂತ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800, 1801ರಲ್ಲಿ ಆತ ತಿರುಗಿದ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯಿತು. ಮಧುಗಿರಿ, ಶಿರಾ ಎರಡೂ ಅವನ ದಾರಿಯಲ್ಲಿ ಬರುತ್ತವೆ. ನಮ್ಮ ಸೀಮೆಯ ಕಬ್ಬಿಣ, ಉಕ್ಕಿನ ಕುಲುಮೆಗಳ ಬಗ್ಗೆ ಚೆನ್ನಾಗಿ ಬರೆದಿದ್ದಾನೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಗಾಜಿನ ಬಳೆ ಮಾಡುವ ಕುಲುಮೆಗಳನ್ನೂ ನೋಡಿದ. ಊರ ಕೋಟೆ ಗೋಡೆಗೆ ಒಳಗಿನಿಂದ ಆನಿಸಿ ಕಟ್ಟಿದ ಜಗಲಿಯಲ್ಲೇ ಕುಲುಮೆ ತೋಡಿದ್ದರಂತೆ.

ನನಗೆ ಕುತೂಹಲ ಹುಟ್ಟಿಸಿದ್ದು ಬಳೆಗಿಂತ ಅದರ ಕಚ್ಚಾ ವಸ್ತು. ಬೆಣಚು ಕಲ್ಲಿನ ಪುಡಿ ಒಂದೇ ಇದ್ದರೆ ಕರಗೋಕೆ 1700 ಡಿಗ್ರಿ ಸೆಲ್ಸಿಯಸ್ ಬೇಕು. ಸೌದೆ ಕುಲುಮೆಯಲ್ಲಿ ಅದು ಆಗದ ಮಾತು. ಅದಕ್ಕೆ ಸೋಡಾ ಬೆರೆಸಿದರೆ ಬಹಳ ಕಡಿಮೆ ಶಾಖಕ್ಕೇ ಕರಗುತ್ತೆ. ಆ ಸೋಡಾ ಎಲ್ಲಿಂದ? ನೆಲದಿಂದ! ನಮ್ಮ ಕಡೆಯ ತಗ್ಗು ಜಮೀನುಗಳಲ್ಲಿ ಬೇಸಿಗೆ ಬಂದರೆ ಬೆಳ್ಳಗೆ ಉಪ್ಪು ಹೂತ ಹಾಗೆ ಕಾಣುತ್ತಲ್ಲ, ಚೌಳು ಮಣ್ಣು, ಅದೇ. ಬುಕಾನನ್ 'ಸೌಳು' ಅಂತ ಬರೆದುಕೊಂಡಿದ್ದಾನೆ. ಬೆಳೆಗೆ ಅದು ಶತ್ರು. ಬಳೆಗಾರನಿಗೆ ಬಂಡವಾಳ. ಇನ್ನೊಬ್ಬರಿಗೂ ಅದು ಬಂಡವಾಳವೇ... ಮಡಿವಾಳರಿಗೆ. ಬಟ್ಟೆಯನ್ನು ಚೌಳು ಮಣ್ಣಿನ ನೀರಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಜಿಡ್ಡಿನ ಜೊತೆ ಕ್ಷಾರ ಸೇರಿದರೆ ಅಲ್ಲಲ್ಲೇ ಒಂಥರಾ ಸೋಪು ಹುಟ್ಟುತ್ತೆ, ಕೊಳೆ ಬಿಡುತ್ತೆ. ಒಲೆಯ ಬೂದಿಯಲ್ಲೂ ಇದೇ ಜಾತಿಯ ಕ್ಷಾರ ಇದೆ, ಸೋಡಿಯಂ ಬದಲು ಹೆಚ್ಚಾಗಿ ಪೊಟ್ಯಾಸಿಯಂ ಕಾರ್ಬೊನೇಟು.

ಹೇಗಿದೆ ನೋಡಿ. ಗಾಜನ್ನು ಹುಟ್ಟಿಸುವ ವಸ್ತುವೂ ಕ್ಷಾರ, ತೊಳೆಯುವ ವಸ್ತುವೂ ಕ್ಷಾರ. ಕೈಯ ಬಳೆಯಲ್ಲಿರೋದೂ ಅದೇ, ಆ ಕೈ ಪಾತ್ರೆ ತಿಕ್ಕಲು ಹಿಡಿದ ಬೂದಿಯಲ್ಲಿರೋದೂ ಅದೇ.

(ಈಗಿನ ಅಂಗಡಿ ಸ್ಪ್ರೇಗಳಲ್ಲಿ ಬಳಸುವ ಅಮೋನಿಯಾ ಕೂಡ ಕ್ಷಾರವೇ. ಅಮೆರಿಕದಲ್ಲಿ ವಿಂಡೆಕ್ಸ್ ಬಂದದ್ದು 1933ರಲ್ಲಿ. ನಮಗೆ ಗೊತ್ತಿರೋ ನೀಲಿ ಕಾಲಿನ್ ಬಾಟಲಿ ಆಮೇಲಿನದು. ಪ್ರಾಚೀನ ರೋಮಿನ ಅಗಸರು ಅಮೋನಿಯಾಕ್ಕೋಸ್ಕರ ಹಳೇ ಮೂತ್ರ ಶೇಖರಿಸಿ ಬಟ್ಟೆ ಒಗೀತಿದ್ರು. ಅದೂ 'ಸಂಪೂರ್ಣ ನೈಸರ್ಗಿಕ'ವೇ :-) )

ಆದರೆ ಬಳೆಯನ್ನು ಯಾರೂ ಕೂತು ಒರೆಸೋದಿಲ್ಲ. ಹಳ್ಳಿ ಮನೆಯಲ್ಲಿ ದಿನಾ ತಪ್ಪದೆ ಒರೆಸಲೇಬೇಕಾದ ಮೊದಲ ಗಾಜು ಅಂದರೆ ಲಾಟೀನಿನದು. ಎಳ್ಳೆಣ್ಣೆ, ಹಿಪ್ಪೆ ಎಣ್ಣೆ, ಹೊಂಗೆ ಎಣ್ಣೆಯ ಹಣತೆಗೆ ಗಾಜು ಬೇಕಿರಲಿಲ್ಲ. ಹಡಗಿನಲ್ಲಿ ಸೀಮೆಎಣ್ಣೆ ಬರತೊಡಗಿದ ಮೇಲೆ (ಹೆಸರಲ್ಲೇ ಇದೆಯಲ್ಲ, ಸೀಮೆಯದು ಅಂತ) ಉರಿಗೆ ಗಾಳಿ ತಡೆಯಲು ಗಾಜಿನ ಬುರುಡೆ ಬಂತು. ಅದರ ಜೊತೆಗೆ ಮಸಿಯೂ ಬಂತು. ಬೆಳಗಾದರೆ ಗಾಜು ಕರ್ರಗೆ. ಒರೆಸದಿದ್ದರೆ ಸಂಜೆ ದೀಪ ಹಚ್ಚಿಯೂ ಕತ್ತಲೆ. ಸೀಮೆಎಣ್ಣೆ ದುಡ್ಡು ಕೊಟ್ಟು ತಂದದ್ದು, ಆಮೇಲಿನ ಕಾಲಕ್ಕೆ ಸೊಸೈಟಿಯಲ್ಲಿ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ತಂದದ್ದು. ಗಾಜು ಮಸಿ ಹಿಡಿದಿದ್ದರೆ ಬತ್ತಿ ಏರಿಸಬೇಕು, ಎಣ್ಣೆ ಬೇಗ ಮುಗಿಯುತ್ತೆ. ಹಾಗಾಗಿ ಗಾಜು ಒರೆಸೋದು ಅಂದಕ್ಕಲ್ಲ, ಉಳಿತಾಯಕ್ಕೆ.

ನಾನು ಹುಟ್ಟುವ ಹೊತ್ತಿಗೆ ಕರೆಂಟು ಬಂದಿತ್ತು. ಆದರೆ ಕರೆಂಟು ಬಂದಿದ್ದು ಬೇರೆ, ಇರೋದು ಬೇರೆ! ಮಧುಗಿರಿ ತಾಲ್ಲೂಕಿನ ಅಜ್ಜಿಯ ಊರಲ್ಲಿ ಬೇಸಿಗೆ ರಜೆಯ ಸಂಜೆಗಳು ಲಾಟೀನಿನವೇ. ಆ ಗಾಜು ಒರೆಸೋ ಕೆಲಸ ಮಕ್ಕಳ ಪಾಲು. ಕಾರಣ ಸರಳ, ಸಣ್ಣ ಕೈ ಮಾತ್ರ ಒಳಗೆ ಹೋಗುತ್ತೆ. ಅಜ್ಜಿಯ ನಿಯಮಗಳು ಖಡಕ್ಕಾಗಿದ್ದವು.

"ನೀರು ಮುಟ್ಟುಸ್ಬ್ಯಾಡ ಕಣ್ಲಾ, ಮಸಿ ಮೆತ್ಕಂತೈತೆ. ಮೊದ್ಲು ಬೂದಿ, ಆಮ್ಯಾಕೆ ಒಣ ಬಟ್ಟೆ."

"ಯಾವ ಬೂದಿ ಅಜ್ಜಿ?"

"ಬೆರಣಿದು. ಜರಡಿ ಹಿಡ್ದಿಟ್ಟಿವ್ನಿ ನೋಡು ಅಲ್ಲಿ. ಒಲೆ ಬಾಯಾಗಿಂದು ತಗಾಬ್ಯಾಡ, ಮರಳು ಇರ್ತೈತೆ, ಗಾಜು ಗೀರು ಬಿದ್ದೋಯ್ತದೆ."

ಈ ಎರಡೇ ಮಾತಿನಲ್ಲಿ ಎಷ್ಟು ವಿಜ್ಞಾನ ಇದೆ ಅಂತ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಲಾಟೀನಿನ ಮಸಿ ಬರೀ ಇಂಗಾಲ ಅಲ್ಲ, ಪೂರ್ತಿ ಉರಿಯದ ಎಣ್ಣೆಯ ಜಿಡ್ಡೂ ಅದರಲ್ಲಿ ಸೇರಿರುತ್ತೆ. ನೀರು ಬಿದ್ದರೆ ಜಿಡ್ಡು ಕರಗೋದಿಲ್ಲ, ಮಸಿ ಹರಡುತ್ತೆ ಅಷ್ಟೆ. ಒಣ ಬೂದಿ ಆ ಜಿಡ್ಡನ್ನು ಹೀರಿಕೊಂಡು ಮಸಿಯನ್ನು ಗಾಜಿನಿಂದ ಎಬ್ಬಿಸುತ್ತೆ. ಇನ್ನು ಮರಳು. ಗಡಸುತನದ ಮೋಸ್ ಅಳತೆಯಲ್ಲಿ ಗಾಜು ಸುಮಾರು 5.5, ಬೆಣಚು 7. ಒಂದೇ ಒಂದು ಮರಳ ಕಾಳು ಸಾಕು ಗೀರು ಬೀಳೋಕೆ. ಹಿತ್ತಾಳೆ ತಿಕ್ಕುವ ರಂಗೋಲಿ ಪುಡಿಯನ್ನು ಗಾಜಿಗೆ ಹಾಕಬಾರದು ಅನ್ನೋದೂ ಇದಕ್ಕೇ. ಬಿಸಿ ಗಾಜಿಗೆ ತಣ್ಣೀರು ಸೋಕಿದರೆ ಸೀಳು ಬಿಡುತ್ತೆ, ಆ ಭಯ ಬೇರೆ.

ಎಲ್ಲಕ್ಕಿಂತ ಮುಖ್ಯ ಅಂತ ನನಗೀಗ ಅನ್ನಿಸೋದು ಏನಂದ್ರೆ, ಈ ಇಡೀ ಕೆಲಸದಲ್ಲಿ ಒಂದು ಹನಿ ನೀರು ಖರ್ಚಾಗಲ್ಲ. ಮಳೆ ನೆಚ್ಚಿಕೊಳ್ಳಲಾಗದ ನಮ್ಮಂಥ ಸೀಮೆಯಲ್ಲಿ ಇಂಥ ಪದ್ಧತಿ ನಿಂತುಕೊಂಡಿದ್ದು ಆಕಸ್ಮಿಕ ಇರಲಾರದು.

ಗೋಡೆಗೆ ತೂಗುವ ಕನ್ನಡಿಯ ವಿಷಯ ಬೇರೆ. ಗಾಜಿನ ಹಿಂದೆ ಬೆಳ್ಳಿಯ ತೆಳು ಪದರ ಹಿಡಿಸುವ ವಿಧಾನ ಜರ್ಮನಿಯ ಲೀಬಿಗ್ 1835ರಲ್ಲಿ ಕಂಡುಹಿಡಿದದ್ದು. ಅದಕ್ಕಿಂತ ಮೊದಲು ತವರ, ಪಾದರಸ ಬಳಿಯುತ್ತಿದ್ದರು, ಮಾಡುವವರ ಆರೋಗ್ಯಕ್ಕೆ ಮಾರಿ. ಬೆಳ್ಳಿ ಕನ್ನಡಿ ಅಗ್ಗವಾದ ಮೇಲೆಯೇ ಅದು ಕಟಿಂಗ್ ಶಾಪಿಗೆ, ಸಂತೆಗೆ, ನಮ್ಮ ಪಡಸಾಲೆಗೆ ಬಂತು. ಬಿಂದಿಗೆ ವಿದ್ಯೆ ಕೈಕೊಡೋದು ಇಲ್ಲೇ. ಹುಣಸೆಹಣ್ಣೋ ನಿಂಬೆಯೋ ವಿನೆಗರ್ರೋ, ಯಾವ ಹುಳಿಯಾದರೂ ಸರಿ, ಕನ್ನಡಿಯ ಅಂಚಿನಿಂದ ಹಿಂದಕ್ಕೆ ಇಳಿದರೆ ಬೆಳ್ಳಿ ಪದರವನ್ನು ತಿನ್ನುತ್ತೆ. ಹಳೇ ಕನ್ನಡಿಗಳ ಅಂಚಿಗೆ ಕಪ್ಪು ಮಚ್ಚೆ ಬಿದ್ದಿರುತ್ತಲ್ಲ, ತೇವವೋ ಹುಳಿಯೋ ಒಳಗೆ ಇಳಿದ ಗುರುತು ಅದು. ಹಾಗಾಗಿ ಕನ್ನಡಿಗೆ ನೇರವಾಗಿ ಏನನ್ನೂ ಹೊಡೀಬೇಡಿ. ಬಟ್ಟೆಗೆ ಹಾಕಿಕೊಂಡು ಒರೆಸಿ.

ದೇವರ ಪಟಗಳದ್ದು ಇನ್ನೊಂದು ಥರ. ವರ್ಷವೆಲ್ಲಾ ದೀಪದ ಹೊಗೆ, ಕುಂಕುಮ, ಗಂಧ. ಯುಗಾದಿಗೋ ಮಹಾನವಮಿಗೋ ಇಳಿಸಿ ಒರೆಸೋದು. ನ್ಯೂಸ್‌ಪೇಪರ್ ಬಂದ ಮೇಲೆ ಅದು ಸುಲಭವಾಯ್ತು. ಪೇಪರ್ ಬಟ್ಟೆಯ ಹಾಗೆ ಎಳೆ ಬಿಡೋದಿಲ್ಲ, ಒದ್ದೆಯನ್ನು ಬೇಗ ಹೀರುತ್ತೆ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ಓದಿದ ಮೇಲೆ ಪೊಟ್ಟಣಕ್ಕೆ, ಅಟ್ಟಕ್ಕೆ ಹಾಸೋಕೆ, ಗಾಜು ಒರೆಸೋಕೆ. ಇಂಟರ್ನೆಟ್ಟಿನಲ್ಲಿ ಬಂದ ಸುದ್ದಿಗೆ ಈ ಯೋಗ್ಯತೆ ಇಲ್ಲ :-)

ಈಗ ನೀರಿಗೆ ಬರ್ತೀನಿ.

ಈ ನಾಲ್ಕು ತಾಲ್ಲೂಕಿನವರಿಗೆ 'ತಲಪರಿಗೆ' ಅನ್ನೋ ಪದ ಗೊತ್ತಿರಬೇಕು. ಬೇರೆಯವರಿಗೆ ಹೇಳೋದಾದರೆ, ಕೆರೆ ಅಂಗಳದಲ್ಲೋ ಹಳ್ಳದ ದಂಡೆಯಲ್ಲೋ ಮರಳು ನೆಲದಲ್ಲಿ ತಾನಾಗಿ ಜಿನುಗುವ ಒರತೆ. ಅದಕ್ಕೊಂದು ಸಣ್ಣ ಗುಂಡಿ, ಕಲ್ಲಿನ ಕಟ್ಟು, ಹೊಲಕ್ಕೆ ಹೋಗಲು ಕಾಲುವೆ. ಊರವರೇ ಸೇರಿ ಹೂಳು ತೆಗೆದು, ಸರದಿಯಲ್ಲಿ ನೀರು ಹಂಚಿಕೊಳ್ಳುತ್ತಿದ್ದರು. ಮೇಲ್ಪದರದ ಮರಳಿನಲ್ಲಿ ಇಳಿದು ಬಂದ ಮಳೆ ನೀರು, ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರೋದಿಲ್ಲ, ಹಾಗಾಗಿ ಮೆದು. ಬೇಳೆ ಬೇಗ ಬೇಯುತ್ತೆ, ಸೋಪು ನೊರೆ ಬರುತ್ತೆ. ಸಿಹಿನೀರು ಅಂತಿದ್ದದ್ದು ಅದಕ್ಕೇ.

ಬೋರ್‌ವೆಲ್ಲುಗಳು ಬಂದವು. ಮೊದಲು ನೂರು, ಇನ್ನೂರು ಅಡಿ. ಈಗ ಸಾವಿರ ಅಡಿ ದಾಟಿದರೂ ಆಶ್ಚರ್ಯ ಇಲ್ಲ. ಮೇಲಿನ ನೀರು ಕೆಳಗಿಳಿದ ಹಾಗೆ ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಬಂಡೆಯ ಬಿರುಕಿನಲ್ಲಿ ಬಹುಕಾಲ ಕೂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರೋದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರ ತನಕ ಪರವಾಗಿಲ್ಲ. ಒಂದು ಲೋಟ ನೀರು ಕನ್ನಡಿ ಮೇಲೆ ಆರಿತು ಅಂದುಕೊಳ್ಳಿ. ನೀರು ಹೋಯ್ತು, ಅದರೊಳಗಿದ್ದ ಸುಣ್ಣ ಎಲ್ಲಿ ಹೋಗುತ್ತೆ? ಕನ್ನಡಿ ಮೇಲೇ. ಬಚ್ಚಲಿನ ನಲ್ಲಿ, ಸ್ಟೀಲ್ ಲೋಟ, ಕಿಟಕಿ ಗಾಜು, ಎಲ್ಲದರ ಮೇಲೂ ಹಠಮಾರಿ ಬಿಳಿ ಕಲೆ. ಮತ್ತೆ ಅದೇ ನೀರು ಹಾಕಿ ತೊಳೆದರೆ ಇನ್ನೊಂದು ಪದರ!

ಪಾವಗಡದ ಕಡೆ ಕೆಲವರು ಇದು ಫ್ಲೋರೈಡ್ ಕಲೆ ಅಂತಾರೆ. ಅಲ್ಲ. ಫ್ಲೋರೈಡ್ ಇರೋದು ನಿಜ, ಹಲ್ಲು ಮೂಳೆ ಹಾಳುಮಾಡಿರೋದೂ ನಿಜ. ಅದರ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಕಾಣುವ ಕಲೆ ಬಿಡೋದಿಲ್ಲ, ಗಾಜನ್ನು ತಿನ್ನೋದೂ ಇಲ್ಲ. ದುರಂತ ಅಂದರೆ ಅದೇ. ಕಾಣುವ ಸುಣ್ಣದಿಂದ ಕೆಡೋದು ಕನ್ನಡಿ, ಕಾಣದ ಫ್ಲೋರೈಡಿನಿಂದ ಕೆಡೋದು ಮನುಷ್ಯ.

ಸುಣ್ಣದ ಕಲೆಗೆ ಬೂದಿ ಉಪಯೋಗಕ್ಕೆ ಬರಲ್ಲ, ಎರಡೂ ಕ್ಷಾರದ ಕಡೆಯವೇ. ಅಲ್ಲಿಗೆ ಹುಳಿ ಬೇಕು. ಹಿತ್ತಾಳೆ ತಿಕ್ಕುತ್ತಿದ್ದ ಹುಣಸೆ ಹೀಗೆ ಗಾಜಿಗೆ ಬಂತು. ನಮ್ಮದು ಹುಣಸೆ ಮರಗಳ ಸೀಮೆ, ತುಮಕೂರಿನ ಮಾರುಕಟ್ಟೆಗೆ ಹುಣಸೆಹಣ್ಣು ಹೋಗೋದು ಇಲ್ಲಿಂದಲೇ. ಹುಣಸೆಯಲ್ಲಿರೋದು ಟಾರ್ಟಾರಿಕ್ ಆಮ್ಲ. ಒಂದು ತಕರಾರು ಉಂಟು. ಅದು ಸುಣ್ಣದ ಜೊತೆ ಸೇರಿ ಆಗುವ ಉಪ್ಪು ನೀರಲ್ಲಿ ಸುಲಭವಾಗಿ ಕರಗದು, ಆದ್ದರಿಂದ ಹಚ್ಚಿ ಬಿಟ್ಟರೆ ಸಾಲದು, ಉಜ್ಜಿ ತೊಳೀಬೇಕು. ಆ ಮಟ್ಟಿಗೆ ನಿಂಬೆಹಣ್ಣೇ ಮೇಲು.

ಇನ್ನು ಜಿಡ್ಡಿಗೆ ಸೋಪು ಹಾಕೋಣ ಅಂದರೆ ಗಡಸು ನೀರಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟಾಗಿ ಕೂರುತ್ತೆ, ಗಾಜು ಇನ್ನೂ ಮಬ್ಬು. ಅಂಟುವಾಳದ ಕಾಯಿ ಗೆಲ್ಲೋದು ಇಲ್ಲಿ. ಅದರ ಸಪೋನಿನ್ ಸೋಪಿನ ಹಾಗೆ ಗಡಸು ನೀರಲ್ಲಿ ಒಡೆಯೋದಿಲ್ಲ. ರೇಷ್ಮೆ ಸೀರೆಗೆ ಅಂತ ಮನೆಯಲ್ಲಿಟ್ಟ ಕಾಯಿಯಲ್ಲಿ ಐದಾರನ್ನು ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಗಾಜಿಗೆ ಬೇಕಾದಷ್ಟಾಯ್ತು. ಮೂರ್ನಾಲ್ಕು ದಿನಕ್ಕೆ ಹುಳಿ ವಾಸನೆ ಬರುತ್ತೆ, ಹೆಚ್ಚು ಮಾಡಿಡಬೇಡಿ.

ವಿನೆಗರ್, ಅಡುಗೆ ಸೋಡಾ ಜೋಡಿ ಏತಿ ಅಂದ್ರೆ ಪ್ರೇತಿ ಅನ್ನೋ ಗಂಡ ಹೆಂಡಿರ ಥರ. ಒಂದು ಹುಳಿ, ಒಂದು ಕ್ಷಾರ. ಬೆರೆಸಿದ ತಕ್ಷಣ ಬುಸ್ಸಂತ ನೊರೆ ಬಂದು ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯೋದು ಸೋಡಿಯಂ ಅಸಿಟೇಟ್ ಅನ್ನೋ ಉಪ್ಪಿನ ನೀರು. ಬೇರೆ ಬೇರೆಯಾಗಿ ಎರಡಕ್ಕೂ ಬೆಲೆ ಇದೆ. ಬೆಳ್ಳಗಿರೋದೆಲ್ಲಾ ಹಾಲಲ್ಲ, ನೊರೆ ಬಂದಿದ್ದೆಲ್ಲಾ ಸೋಪಲ್ಲ.

ಏನೇ ಹಚ್ಚಿ, ಕೊನೆಗೆ ಒರೆಸುವ ನೀರು ಮೆದುವಾಗಿರದಿದ್ದರೆ ಎಲ್ಲಾ ವ್ಯರ್ಥ. ಮಳೆ ನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೇದಿಲ್ಲ. ಹಳ್ಳಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ, ಆ ನೀರೂ ಆದೀತು, ಆದರೆ ದುಡ್ಡು ಕೊಟ್ಟು ಕ್ಯಾನಿನಲ್ಲಿ ತಂದ ಕುಡಿಯುವ ನೀರನ್ನು ಕಿಟಕಿಗೆ ಸುರಿಯೋಕೆ ಯಾರಿಗೆ ಮನಸ್ಸು ಬರುತ್ತೆ? ಘಟಕದಿಂದ ಹೊರಗೆ ಬಿಡೋ ನೀರಂತೂ ಬೇಡವೇ ಬೇಡ, ತೆಗೆದ ಉಪ್ಪೆಲ್ಲಾ ಅದರಲ್ಲೇ ಇರುತ್ತೆ.

ಇಷ್ಟೆಲ್ಲಾ ಮನೆ ಗಾಜಿನ ಮಾತಾಯ್ತು. ನಮ್ಮ ಸೀಮೆಯ ಅತಿ ದೊಡ್ಡ ಗಾಜು ಈಗ ಮನೆಯೊಳಗಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಊರುಗಳ 13,000 ಎಕರೆಯಲ್ಲಿ ಹಾಸಿ ಮಲಗಿದೆ. 2018ರ ಮಾರ್ಚ್‌ನಲ್ಲಿ ಶುರುವಾಗಿ 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾದ ಸೋಲಾರ್ ಪಾರ್ಕು. ಮಳೆ ಬಾರದ, ಬಿಸಿಲು ತಪ್ಪದ ನೆಲ ಅಂತಲೇ ಅದು ಅಲ್ಲಿಗೆ ಬಂದದ್ದು. ಸೋಲಾರ್ ಪ್ಯಾನಲ್ ಅಂದರೆ ಮೇಲೊಂದು ಗಾಜು. ಧೂಳು ಕೂತರೆ ಕರೆಂಟು ಕಡಿಮೆ, ಮಸಿ ಹಿಡಿದ ಲಾಟೀನಿನ ಲೆಕ್ಕವೇ. ತೊಳೆಯಬೇಕು. ಯಾವ ನೀರಲ್ಲಿ? ಗಡಸು ನೀರು ಹಾಕಿದರೆ ಸುಣ್ಣದ ಪದರ ಕೂತು ಬಿಸಿಲಿಗೆ ಸುಟ್ಟು ಅಂಟಿಕೊಳ್ಳುತ್ತೆ. ಮೆದು ನೀರು ಅಲ್ಲಿ ಜನಕ್ಕೇ ಇಲ್ಲ. ಭೂಮಿ ಗುತ್ತಿಗೆಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಬಾಡಿಗೆ ಶುರುವಾಯ್ತು. ಭೂಮಿ ಇಲ್ಲದ ಕೂಲಿಯವರಲ್ಲಿ ಕೆಲವರಿಗೆ ಹುಲ್ಲು ಕೀಳೋ, ಪ್ಯಾನಲ್ ತೊಳೆಯೋ ಕೆಲಸ ಸಿಕ್ಕಿತು. ಈಗೀಗ ಇಂಥ ದೊಡ್ಡ ಪಾರ್ಕುಗಳಲ್ಲಿ ನೀರೇ ಇಲ್ಲದೆ ಒಣ ಕುಂಚದಲ್ಲಿ ಧೂಳು ಗುಡಿಸುವ ರೋಬೋಗಳು ಓಡಾಡುತ್ತವೆ. ನೀರು ಮುಟ್ಟಿಸಬೇಡ ಅನ್ನೋ ಅಜ್ಜಿಯ ಮಾತಿಗೆ ಎಂಜಿನಿಯರುಗಳು ಸುತ್ತಿ ಬಳಸಿ ಬಂದು ಮುಟ್ಟಿದ್ದಾರೆ. ರೋಬೋ ಬಂದ ಕಡೆ ತೊಳೆಯೋ ಕೂಲಿಯವರ ಗತಿ ಏನು ಅನ್ನೋದು ನನ್ನಂಥ ಸಾಫ್ಟ್‌ವೇರಿನವನು ಕೇಳಿಕೊಳ್ಳಲೇಬೇಕಾದ ಪ್ರಶ್ನೆ. ಯಾಕಂದ್ರೆ ಆ ರೋಬೋಗೆ ಪ್ರೋಗ್ರಾಂ ಬರೆಯೋದು ನಮ್ಮ ಜಾತಿಯವರೇ.

ನಿಮ್ಮ ಕಡೆ ಲಾಟೀನಿನ ಗಾಜಿಗೆ ಯಾವ ಬೂದಿ ಬಳಸ್ತಿದ್ರು? ಮಲೆನಾಡಿನವರು ಭತ್ತದ ಹೊಟ್ಟಿನ ಬೂದಿ ಅಂದರೆ ನನಗೆ ಸ್ವಲ್ಪ ಅನುಮಾನ, ಅದರ ತುಂಬಾ ಸಿಲಿಕಾ, ಗೀರು ಬೀಳಬೇಕಲ್ಲ? ಮತ್ತೆ ಈ ನಾಲ್ಕು ತಾಲ್ಲೂಕಿನವರು ಯಾರಾದರೂ ಇದ್ದರೆ, ನಿಮ್ಮೂರಲ್ಲಿ ಈಗಲೂ ಜಿನುಗುವ ತಲಪರಿಗೆ ಒಂದಾದರೂ ಉಳಿದಿದೆಯಾ ತಿಳಿಸಿ. ಮುಂದಿನ ಸಲ ಊರಿಗೆ ಬಂದಾಗ ಒಂದು ಬಾಟಲಿ ನೀರು ತಗೊಂಡು ಹೋಗ್ತೀನಿ.